ಬೇಡ ಎಂದಷ್ಟೂ ಹಸಿರು

ಬಾಯಿ ಹೇಳುವುದನ್ನು ಬಿಟ್ಟು ಮನಸ್ಸು ಹೇಳುವುದನ್ನೇ ಸರ್ಕಾರ ಕೇಳಿಸಿಕೊಳ್ಳುವಂತಾದರೆ ಹೇಗಿದ್ದೀತು? ಈ ಪ್ರಶ್ನೆಯನ್ನು ಪರದೇಶದ ಸಭೆಗಳಲ್ಲಿ ನಲವತ್ತು ವರ್ಷ ಚರ್ಚಿಸಿ, ನಾನೂರು ಮಂದಿ ಪಂಡಿತರು ತಲೆಗೂದಲು ಕಳೆದುಕೊಂಡು, ಕಡೆಗೆ ಕಾಫಿ ಕುಡಿದು ಎದ್ದು ಹೋಗಿದ್ದರು. ಉತ್ತರ ಸಿಕ್ಕಿದ್ದು ಧಾರವಾಡದಲ್ಲಿ. ಮತ್ತೆಲ್ಲಿ ಸಿಗಬೇಕು!

ಆ ಉತ್ತರದ ಹೆಸರು ಮನಬಳೆ. ನೋಡಲು ಸಾದಾ ಬಳೆ, ಗಂಡಸರಿಗಾದರೆ ಕಡಗ. ಒಳಮೈಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಮೂರು ಕಣ್ಣು. ಒಂದು ನಾಡಿ ಎಣಿಸುತ್ತಿತ್ತು, ಇನ್ನೊಂದು ಬೆವರು ಅಳೆಯುತ್ತಿತ್ತು, ಮೂರನೆಯದು ಮೈಯ ಬಿಸಿ ನೋಡುತ್ತಿತ್ತು. ಆಸ್ಪತ್ರೆಯೋ ಬ್ಯಾಂಕೋ ಬಂಧುವೋ ನಿಮ್ಮ ಮಾಹಿತಿ ಕೇಳಿದರೆ ಬಳೆ ಮೆಲ್ಲಗೆ 'ಕೊಡಲೇ?' ಎನ್ನುತ್ತಿತ್ತು. ನೀವು ಬಾಯಲ್ಲಿ ಉತ್ತರಿಸಬೇಕು. ಬಳೆ ಮಾತನ್ನು ಪಕ್ಕಕ್ಕಿಟ್ಟು ಮೈಯನ್ನು ಓದಿ ನಿಮ್ಮ ನಿಜವಾದ ಇಂಗಿತ ತಿಳಿಯುತ್ತಿತ್ತು. ಹಸಿರಾದರೆ ಒಪ್ಪಿಗೆ, ಕೆಂಪಾದರೆ ಇಲ್ಲ. ಅರವತ್ತು ಪುಟದ ಕರಾರನ್ನು ಓದದೆ ಹೆಬ್ಬೆಟ್ಟು ಒತ್ತುವ ಕಾಲ ಮುಗಿಯಿತು. ಹೆದರಿಸಿ ಹ್ಞೂಂ ಅನ್ನಿಸುವವರ ಅಂಗಡಿ ಮುಚ್ಚಿತು. ಬಳೆ ಬಂದ ಮೊದಲ ತಿಂಗಳಲ್ಲೇ ಜಾಹೀರಾತಿನವರು ಊರು ಬಿಟ್ಟು ಓಡಿಹೋದ ರಭಸಕ್ಕೆ ಹುಬ್ಬಳ್ಳಿ ನಿಲ್ದಾಣದಲ್ಲಿ ರೈಲು ವಾಲಿತ್ತೆಂದು ಜನ ಹೇಳುತ್ತಿದ್ದರು.

ಈ ಬಳೆಗೆ ಕಾನೂನು ಬರೆದವಳು ಸಮ್ಮತಿ ಆಯೋಗದ ಮುಖ್ಯಸ್ಥೆ ನೀಲಾಂಬಿಕೆ ಕೊಣ್ಣೂರ. ಇಪ್ಪತ್ತೆರಡು ವರ್ಷಗಳಿಂದ ಜನರ ಗುಟ್ಟು ಕಾಯುವುದೇ ಆಕೆಯ ವೃತ್ತಿ. ಬಟ್ಟೆ ಕಾರ್ಖಾನೆಯೊಂದು ಹೆಣ್ಣುಮಕ್ಕಳು ಶೌಚಾಲಯದಲ್ಲಿ ಕಳೆದ ನಿಮಿಷಗಳನ್ನು ಕ್ಯಾಮೆರಾದಿಂದ ಎಣಿಸಿದಾಗ ಆಕೆ ತನ್ನ ಮೊದಲ ಮೊಕದ್ದಮೆ ಹೂಡಿದ್ದಳು. ಆ ವಾದ ಕೇಳಿದ ನ್ಯಾಯಾಧೀಶರು ಆವೇಶ ಬಂದು ತಮ್ಮ ಕೋಣೆಯ ಕ್ಯಾಮೆರಾವನ್ನೇ ಕಿತ್ತು ಕಿಟಕಿಯಿಂದ ಎಸೆದರಂತೆ. ಅದು ನೇರವಾಗಿ ಕಾರ್ಖಾನೆಯ ವಕೀಲರ ಬೋಳುತಲೆಯ ಮೇಲೆ ಇಳಿಯಿತಂತೆ. ಆಕೆ ಬರೆದ ಮನಬಳೆ ಕಾನೂನೋ, ಸಭೆಯಲ್ಲಿ ಮಂಡಿಸಿದ ದಿನ ಭಾರ ತಾಳದೆ ಮೇಜಿನ ಎರಡು ಕಾಲು ಮುರಿದವು.

ಅದರಲ್ಲಿ ಹದಿನಾಲ್ಕನೇ ಕಲಮು ಆಕೆಯ ಕಣ್ಮಣಿ. 'ಬಳೆಯ ತೀರ್ಪನ್ನು ಯಾವ ಅಧಿಕಾರಿಯೂ, ಯಾವ ಮಂತ್ರಿಯೂ, ಸ್ವತಃ ಆಯೋಗವೂ ಕೈಯಾರೆ ಬದಲಿಸತಕ್ಕದ್ದಲ್ಲ. ಬದಲಿಸಿದವರು ಆ ಕ್ಷಣದಿಂದ ಹುದ್ದೆಯಲ್ಲಿರತಕ್ಕದ್ದಲ್ಲ.' ಇದನ್ನು ಸ್ವಲ್ಪ ಸಡಿಲಿಸಿ ಎಂದು ಮೂವರು ಮಂತ್ರಿಗಳು ಬಂದಿದ್ದರು. ಒಬ್ಬರು ಗದರಿದರು, ಒಬ್ಬರು ಬೇಡಿದರು, ಮೂರನೆಯವರು ಆಕೆಯ ಕುರ್ಚಿಯ ಮುಂದೆ ನಿಂತು ಗಳಗಳ ಅತ್ತರು. ಕಲಮಿನ ಒಂದು ಅಕ್ಷರವೂ ಅಲುಗಲಿಲ್ಲ.

ಅಂಥ ನೀಲಾಂಬಿಕೆಗೆ ಆ ಮಂಗಳವಾರ ಬೆಳಿಗ್ಗೆ ಮೊದಲ ಪೆಟ್ಟು ಬಿದ್ದದ್ದು ಅಡುಗೆಮನೆಯಲ್ಲಿ.

"ನೀಲಾ, ನಿನ್ನ ಬಳಿಗೆ ಕಿವಿ ಅದಾವೋ ಇಲ್ಲೋ?" ಎಂದಳು ಅತ್ತೆ ಗೌರವ್ವ. ಎಪ್ಪತ್ತೆಂಟರ ಮುದುಕಿ, ದನಿ ಮಾತ್ರ ಮೂರು ಓಣಿಗೆ ಕೇಳುವಂಥದ್ದು.

"ಯಾಕ್ರೀ ಅತ್ತಿ, ಏನಾತು?"

"ಏನಾತು ಅಂತ ಕೇಳ್ತಿಯಲ್ಲ! ನನ್ನ ಸಕ್ಕರಿ ಮುನ್ನೂರಾ ಹತ್ತು ಅಂತ ಭಜನಿ ಮಂಡಳಿ ಮಂದಿಗೆಲ್ಲಾ ಗೊತ್ತಾಗೇತಿ. ನಿನ್ನೆ ಪೇಡೆ ಹಂಚಕೋಂತ ಬಂದ ಚನ್ನವ್ವ ನನ್ನ ಮುಂದ ಬಂದು, ಒಂದ್ಸಲ ನಕ್ಕು, ಹಂಗ ಮುಂದ ಹೋದಳು. ಹುಟ್ಟಿದಾಗಿಂದ ಯಾರೂ ನನ್ನ ಬಿಟ್ಟು ಪೇಡೆ ಹಂಚಿದ್ದಿಲ್ಲ!"

"ಯಾರಿಗೆ ಪೇಡೆ ಕೊಡಬಹುದು ಅಂತ ಮಂಡಳಿಯವರು ಕೇಳಿದಾಗ ನೀವು ಹ್ಞೂಂ ಅಂದಿರಬೇಕ್ರಿ."

"ಹ್ಞೂಂ? ನಾನು? ಮೂರು ಸಲ ಬ್ಯಾಡ ಅಂದೀನಿ. ಒದರಿ ಒದರಿ ಅಂದೀನಿ. ಒದರಿದಷ್ಟೂ ಇದು ಹಸರ ಆತು."

ಪತ್ರಿಕೆಯ ಹಿಂದಿನಿಂದ ಗಂಡ ಮಲ್ಲೇಶಪ್ಪನ ದನಿ ಬಂತು. "ನನ್ನ ಕಡಗಾನೂ ಕೇಳಿತ್ತು. ನಾನೂ ಬ್ಯಾಡ ಅಂದೆ. ನಂದು ಕೆಂಪ ಆತಲ್ಲ."

"ನಿನಗೇನಪಾ! ನಿನಗ ಸಿಟ್ಟೂ ಬರಂಗಿಲ್ಲ, ಅಂಜಿಕಿನೂ ಬರಂಗಿಲ್ಲ. ಈಕಿನ್ನ ಮದವಿ ಆಗ್ತಿ ಏನೋ ಅಂತ ಕೇಳಿದ್ರ 'ಆತು, ನೋಡೂಣು' ಅಂದಾವ ನೀನು!"

ಮಲ್ಲೇಶಪ್ಪ ಪುಟ ತಿರುಗಿಸಿದ. ನೀಲಾಂಬಿಕೆ ಅತ್ತೆಯ ಕೈ ಹಿಡಿದು ಬಳೆಯನ್ನು ತಿರುಗಿಸಿ ನೋಡಿದಳು. ಮುದುಕರ ಚರ್ಮ ಒಣಗಿರುತ್ತದೆ, ಬಳೆ ಸಡಿಲಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಬಳೆ ಗೌರವ್ವನ ಮುಂಗೈಗೆ ಅಂಟಿಸಿದ ಹಾಗೆ ಕೂತಿತ್ತು.

ಆಯೋಗದ ನಿಯಂತ್ರಣ ಕೊಠಡಿಗೆ ಹೊಸದಾಗಿ ಬಂದವರು ಕಣ್ಣು ಕತ್ತಲಿಟ್ಟು ಬೀಳುವುದು ವಾಡಿಕೆಯಾಗಿದ್ದರಿಂದ ಬಾಗಿಲ ಬಳಿ ಒಂದು ಹಾಸಿಗೆಯನ್ನೇ ಹಾಸಿಟ್ಟಿದ್ದರು. ಒಳಗಿನ ಗೋಡೆ ತುಂಬ ನಾಡಿನ ಕೋಟಿ ಕೋಟಿ ಬಳೆಗಳ ಚುಕ್ಕೆಗಳು: ಹಸಿರು, ಕೆಂಪು, ಹಸಿರು. ಅದರ ಮುಂದೆ ತಾಂತ್ರಿಕ ಮುಖ್ಯಸ್ಥ ಅನ್ವರ್ ನದಾಫ. ಯಂತ್ರದ ಗೊಣಗು ಕೇಳಿಯೇ ಅದರ ಯಾವ ತಂತಿಗೆ ನೆಗಡಿ ಬಂದಿದೆ ಎಂದು ಹೇಳಬಲ್ಲವನು. ಅವತ್ತು ಮಧ್ಯಾಹ್ನ ಎರಡಕ್ಕೆ ಅವನು ನೀಲಾಂಬಿಕೆಯ ಮೇಜಿಗೆ ಒಬ್ಬ ಹೆಣ್ಣುಮಗಳನ್ನು ಕರೆತಂದ.

"ಮೇಡಂ, ಈಕಿ ಕಸ್ತೂರಿ ಬಡಿಗೇರ ಅಂತ. ಮುಂಜಾನಿಂದ ಟೋಕನ್ ಹಿಡಕೊಂಡು ಕುಂತಾಳ. ನನಗ ತಲಿ ಓಡವಲ್ದು, ನೀವ ನೋಡ್ರಿ."

ಮೂವತ್ತರ ಒಳಗಿನವಳು. ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ. ಉಗುರಿನ ಸಂದಿನಲ್ಲಿ ಇನ್ನೂ ಜೋಳದ ಹಿಟ್ಟಿತ್ತು. ಎಡ ಮೊಣಕೈ ಪೂರ್ತಿ ಚಾಚುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಗಂಡ ಅದನ್ನು ಒನಕೆಯಿಂದ ಮುರಿದಿದ್ದ. ಆಮೇಲೆ ಅವಳು ಊರು ಬಿಟ್ಟು ಬಂದಳು, ಅವಳ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಬಾರದೆಂದು ನ್ಯಾಯಾಲಯ ಅವಳ ವಿಳಾಸವನ್ನು ಮುಚ್ಚಿಟ್ಟಿತು. ಈಗ ಗಂಡ ಬಂಧುವಿನ ಹಕ್ಕಿನಲ್ಲಿ ಆ ವಿಳಾಸ ಕೇಳಿದ್ದ. ನಿಯಮದಂತೆ ಬಳೆ ಮೂರು ದಿನ, ದಿನಕ್ಕೊಮ್ಮೆ ಅವಳನ್ನು ಕೇಳಿತ್ತು. ಮೂರು ಸಲವೂ ಹಸಿರು. ಅಷ್ಟರೊಳಗೆ ಒಮ್ಮೆಯಾದರೂ ಕೆಂಪಾಗದಿದ್ದರೆ ಸಂಜೆ ಐದಕ್ಕೆ ವಿಳಾಸ ಅವನ ಕೈ ಸೇರುತ್ತದೆ.

"ಅಕ್ಕಾರ, ನಾ ಬ್ಯಾಡ ಅಂದ್ರ ಇದು ಯಾಕ ಹ್ಞೂಂ ಅಂತೈತಿ?" ಎಂದು ಕಸ್ತೂರಿ ಕೈ ಮುಂದೆ ಚಾಚಿದಳು.

ನೀಲಾಂಬಿಕೆ ಪರೀಕ್ಷೆಗೆಂದು ಇನ್ನೊಮ್ಮೆ ಕೇಳಿಸಿದಳು. ಬಳೆ 'ಕೊಡಲೇ?' ಎಂದಿತು.

"ಬ್ಯಾಡ!" ಎಂದಳು ಕಸ್ತೂರಿ. ಆ ದನಿಗೆ ಕೊಠಡಿಯ ಗಾಜುಗಳು ಝಲ್ಲೆಂದವು. ಬಳೆ ಎಳೆಗರಿಕೆಯ ಹಾಗೆ ಹಚ್ಚಗೆ ಹೊಳೆಯಿತು.

"ಇದನ್ನ ತಗದು ಒಗದರ?"

"ತಗದ್ರ ಕಡೀ ಉತ್ತರನ ಕಾಯಂ ಅಂತ ಕಾನೂನು ಐತಿ," ಎಂದಳು ನೀಲಾಂಬಿಕೆ. ಆ ಕಾನೂನನ್ನು ಬರೆದವರು ಯಾರೆಂದು ಹೇಳುವ ಧೈರ್ಯ ಆಗಲಿಲ್ಲ.

ಆಕೆಗೆ ಅತ್ತೆಯ ಬಳೆ ನೆನಪಾಯಿತು. ಒಬ್ಬಳು ಪೇಡೆಗಾಗಿ ಒದರಿದಳು, ಇನ್ನೊಬ್ಬಳು ಜೀವಕ್ಕಾಗಿ. ಇಬ್ಬರದೂ ಹಸಿರು. ತಣ್ಣಗಿನ ಗಂಡನದು ಮಾತ್ರ ಕೆಂಪು. ತಲೆಯೊಳಗೆ ಹಗ್ಗದ ಎಳೆಗಳೆಲ್ಲ ಬಿಚ್ಚಿ ಒಂದಕ್ಕೊಂದು ತೊಡರಿಕೊಂಡವು; ಯಾವುದನ್ನು ಎಳೆದರೂ ಗಂಟು ಬಿಗಿಯುತ್ತಿತ್ತು.

"ಅನ್ವರ್, ಬಳಿಗೆ ನಾವು ಬ್ಯಾಡ ಅನ್ನೂದನ್ನ ಎಲ್ಲಿ ಕಲಿಸಿದ್ವಿ?"

"ಮದವಿ ಊಟದಾಗ್ರಿ ಮೇಡಂ. ನೀವ ಮಂಜೂರು ಮಾಡಿದ್ರಲ್ಲ."

ಮಾಡಿದ್ದಳು. ಹೆಮ್ಮೆಯಿಂದಲೇ ಮಾಡಿದ್ದಳು. ಬಳೆಗೆ ಪಾಠ ಕಲಿಸಲು ಲಕ್ಷಗಟ್ಟಲೆ ಉತ್ತರ ಬೇಕಿತ್ತು. ಆದರೆ ಯಾರನ್ನೂ ಪ್ರಯೋಗಶಾಲೆಗೆ ಎಳೆತಂದು ಕೂರಿಸಬಾರದು, ಜನ ತಾವಾಗಿಯೇ ಬಳೆ ತೊಟ್ಟು ತಮ್ಮ ಪಾಡಿಗೆ ತಾವು ಇರುವಲ್ಲೇ ಅದು ಕಲಿಯಬೇಕು ಎಂಬುದು ಆಕೆಯದೇ ಷರತ್ತು. ಒಬ್ಬ ಮನುಷ್ಯನನ್ನು ಗಂಟೆಗೆ ನಲವತ್ತು ಸಲ 'ಕೊಡಲೇ, ಹಾಕಲೇ' ಎಂದು ಕೇಳುವ, ಅವನು ನಲವತ್ತು ಸಲ 'ಬೇಡ' ಎನ್ನುವ ಜಾಗ ಈ ಭೂಮಂಡಲದಲ್ಲಿ ಒಂದೇ: ಧಾರವಾಡ ಸೀಮೆಯ ಮದುವೆಯ ಪಂಕ್ತಿ. ಹನ್ನೊಂದು ಮದುವೆ. ಹುಗ್ಗಿ, ಹೋಳಿಗೆ, ಬಿಂದಿಗೆಗಟ್ಟಲೆ ತುಪ್ಪ. ಎಲ್ಲ ಸೇರಿ ನಾಲ್ಕು ಲಕ್ಷ 'ಬೇಡ'.

"ಬ್ಯಾಡ ಅಂದವರು ಖರೇನ ಬ್ಯಾಡ ಅಂದ್ರೋ, ಉಪಚಾರಕ್ಕ ಅಂದ್ರೋ, ಅದನ್ನ ಹೆಂಗ ತಿಳಕೊಂಡ್ರಿ?"

"ಎಲಿ ನೋಡಿರಿ. ಬಡಿಸಿದ ಮ್ಯಾಲೆ ಎಲಿ ಖಾಲಿ ಆತು ಅಂದ್ರ ಮನಸಿನ್ಯಾಗ ಹ್ಞೂಂ ಇತ್ತು ಅಂತ. ತಿನ್ನದ ಹೋದ್ರ, ಇಲ್ಲಾ ಬಡಿಸಾವ್ರು ಒತ್ತಾಯ ಮಾಡದ ಮುಂದ ಹೋದ್ರ, ಖರೇ ಬ್ಯಾಡ ಅಂತ."

"ಬಡಿಸಿದ್ದನ್ನ ಎಲ್ಯಾಗ ಬಿಟ್ಟವರು ಎಷ್ಟು ಮಂದಿ?"

ಅನ್ವರ್ ಪಟ್ಟಿ ತೆರೆದು ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿದ. "ನಾಕು ಲಕ್ಷದಾಗ... ಒಂಬತ್ತು ಮಂದ್ರಿ. ಅದರಾಗ ಇಬ್ಬರಿಗೆ ಹಲ್ಲುನೋವು."

"ಅಲ್ಲೋ ಅನ್ವರ್! ಎದುರಿಗೆ ಬೀಗರು ಸೌಟು ಹಿಡಕೊಂಡು ನಿಂತಿರ್ತಾರ. ಹುಗ್ಗಿ ಹಾಕಿದ ಮ್ಯಾಲೆ ಯಾರರ ಎಲ್ಯಾಗ ಬಿಡ್ತಾರೇನು?"

ಅನ್ವರನ ಬಾಯಿ ತೆರೆದೇ ಉಳಿಯಿತು. "ಹೌದಲ್ರಿ! ನಮ್ಮ ಮಾವ ಎಲಿ ಮ್ಯಾಲೆ ಕೈ ಅಡ್ಡ ಹಿಡದ್ರ ಕೈ ಮ್ಯಾಲೆನ ಬಡಿಸಿದ್ರು. ಪಾಪ, ಕೈ ನೆಕ್ಕಿ ನೆಕ್ಕಿ ಮುಗಿಸಿದಾ. ಅದನ್ನೂ ಹ್ಞೂಂ ಅಂತ ಬರಕೊಂಡಿರಬೇಕ್ರಿ."

ಇಬ್ಬರಿಗೂ ಒಂದೇ ಹೊತ್ತಿಗೆ ಹೊಳೆಯಿತು. ಹೊಟ್ಟೆ ತುಂಬಿದವನು ತಣ್ಣಗೆ ಬೇಡ ಎಂದಾಗ ಬಡಿಸುವವರಿಗೂ ಹುರುಪು ಬರುತ್ತಿರಲಿಲ್ಲ, ಮುಂದಿನ ಎಲೆಗೆ ಹೋಗುತ್ತಿದ್ದರು. ಬೆವರು ಹರಿಸಿ, ಎದೆ ಬಡಿದುಕೊಂಡು, 'ಅಯ್ಯಯ್ಯೋ ಬ್ಯಾಡ್ರಿ' ಎಂದು ಹೊರಳಾಡಿದವನಿಗೇ ಎರಡು ಸೌಟು ಹೆಚ್ಚು ಬೀಳುತ್ತಿತ್ತು, ಅವನೇ ತಿಂದು ಮುಗಿಸುತ್ತಿದ್ದ. ಬಳೆ ಶ್ರದ್ಧೆಯಿಂದ ಕಲಿತ ಪಾಠ ಇದು: ಬೇಡ ಎನ್ನುವಾಗ ಮೈ ಎಷ್ಟು ಬಿಸಿಯೋ ಒಳಗೆ ಅಷ್ಟು ಆಸೆ. ಅದು ಅಂಜಿಕೆಯನ್ನು ಎಂದೂ ಕಂಡಿರಲಿಲ್ಲ. ಮದುವೆಯ ಪಂಕ್ತಿಯಲ್ಲಿ ಅಂಜಿಕೆ ಇರುವುದಿಲ್ಲ ಎಂದು ಎಲ್ಲರೂ ತಿಳಿದಿದ್ದರು.

ನೀಲಾಂಬಿಕೆಗೆ ತನ್ನ ನಿಶ್ಚಿತಾರ್ಥದ ಊಟ ನೆನಪಾಯಿತು. ಇದೇ ಗೌರವ್ವ ಎದುರಿಗೆ ಕೂತು ಹದಿನೇಳು ಹೋಳಿಗೆ ತಿನ್ನಿಸಿದ್ದಳು. ಹದಿನೇಳು ಸಲ ಬೇಡ ಅಂದಿದ್ದಳು, ಹದಿನೇಳನ್ನೂ ತಿಂದಿದ್ದಳು, ಮನೆಗೆ ಹೋಗಿ ಎರಡು ದಿನ ಹಾಸಿಗೆ ಹಿಡಿದಿದ್ದಳು. ಅವತ್ತು ತನ್ನ ಮನಸ್ಸಿನಲ್ಲಿ ಇದ್ದದ್ದು ಏನು? ಹ್ಞೂಂ ಎಂದೇ? ಊಹೂಂ ಎಂದೇ? ಮೊದಲ ಐದರ ಮಟ್ಟಿಗೆ ಹ್ಞೂಂ ಇತ್ತು ಎಂದು ಒಪ್ಪಿಕೊಳ್ಳಲೇಬೇಕು. ಆಮೇಲಿನ ಹನ್ನೆರಡರ ಬಗ್ಗೆ ಇಷ್ಟು ವರ್ಷವಾದರೂ ಖಚಿತವಾಗಿ ಹೇಳಲು ಬರುತ್ತಿಲ್ಲ. ತನಗೇ ಗೊತ್ತಿಲ್ಲದ್ದನ್ನು ತಿಳಿಯುವ ಬಳೆ ಮಾಡಿಸಿ, ಅದರ ಮಾತನ್ನು ಯಾರೂ ಮೀರಕೂಡದು ಎಂದು ಕಾನೂನನ್ನೂ ಬರೆದುಬಿಟ್ಟಿದ್ದಳು.

"ಹೊಸ ಪಾಠ ಕಲಿಸಾಕ ಎಷ್ಟು ಹೊತ್ತು ಬೇಕು?"

"ಒಂಬತ್ತು ದಿನಾ ಬೇಕ್ರಿ."

ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು.

ಉಳಿದದ್ದು ಒಂದೇ ದಾರಿ: ಕಸ್ತೂರಿ ತಣ್ಣಗೆ ಬೇಡ ಎನ್ನಬೇಕು. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಒಬ್ಬ ಹೆಣ್ಣುಮಗಳನ್ನು ತಣ್ಣಗಾಗಿಸಲು ಅಷ್ಟು ಜನ ಅಷ್ಟು ಬೆವರು ಸುರಿಸಿದ್ದು ಅದೇ ಮೊದಲು. ಎರಡು ಫ್ಯಾನು ತಿರುಗಿಸಿ ಇಟ್ಟರು. ಮಜ್ಜಿಗೆ ತಂದರು. ಪಾದದ ಕೆಳಗೆ ತಣ್ಣೀರಿನ ಬಕೀಟು ಇಟ್ಟರು. ಅನ್ವರ್ ತನಗೆ ಗೊತ್ತಿದ್ದ ಎರಡೂ ನಗೆಹನಿಗಳನ್ನು ಹೇಳಿದ. ಅವನ್ನು ಕೇಳಿ ಫ್ಯಾನು ಕೂಡ ಬೇಸತ್ತು ನಿಧಾನವಾಯಿತು.

"ಉಸಿರು ಒಳಗ ತಗೋ ಕಸ್ತೂರಿ. ಸಾವಕಾಶ ಬಿಡು. ಅವನ್ನ ನೆನಸಬ್ಯಾಡ."

"ಅವನ್ನ ನೆನಸಬ್ಯಾಡ ಅಂದ್ರ ಅವನ ಬರತಾನ್ರಿ ಅಕ್ಕಾರ ಕಣ್ಣ ಮುಂದ."

"ಹಂಗಾರ ರೊಟ್ಟಿ ನೆನಸು."

ಕಸ್ತೂರಿ ಕಣ್ಣು ಮುಚ್ಚಿ ರೊಟ್ಟಿಯನ್ನು ನೆನೆದಳು. ನಾಡಿ ಇಳಿಯಿತು. ಬಳೆ 'ಕೊಡಲೇ?' ಎಂದಿತು. ಆ ಒಂದು ಮಾತಿಗೆ ಅವಳ ಮುರಿದ ಮೊಣಕೈ ತಾನಾಗಿಯೇ ಎದೆಗೆ ಅವುಚಿಕೊಂಡಿತು. "ಬ್ಯಾಡ," ಎಂದಳು, ಪಿಸುಮಾತಿನಲ್ಲಿ. ಹಸಿರು.

ಆರು ಸಲ ಹಾಗಾಯಿತು. ಏಳನೆಯ ಸಲ ನೀಲಾಂಬಿಕೆ "ಅಂಜಬ್ಯಾಡವಾ, ಒಂದ ನಿಮಿಷ ಅಂಜೂದು ಬಿಡು," ಎಂದಾಗ ಕಸ್ತೂರಿ ಬಕೀಟಿನಿಂದ ಕಾಲು ತೆಗೆದು ಎದ್ದು ನಿಂತಳು.

"ಯಾಕ ಬಿಡಬೇಕ್ರಿ? ನನ್ನ ಕೈ ಮುರದಾವ ಅವನು. ಅಂಜೀನಿ ಅಂತನ ಬ್ಯಾಡ ಅನ್ನಾಕತ್ತೀನಿ. ಅಂಜಿಕಿ ಬಿಟ್ಟು ಬ್ಯಾಡ ಅನ್ನು ಅಂದ್ರ ಹೆಂಗ್ರಿ ಅಕ್ಕಾರ? ನನ್ನ ಅಂಜಿಕಿ ನಂದ ಅಲ್ಲೇನು? ಅದಕ್ಕೂ ನಿಮ್ಮ ಅಪ್ಪಣಿ ಬೇಕೇನು?"

ಮಂತ್ರಿಗಳ ಕಣ್ಣೀರಿಗೆ ಅಲುಗದ ನೀಲಾಂಬಿಕೆ ಬಾಗಿ, ಬಕೀಟನ್ನು ತಾನೇ ಎತ್ತಿ ಪಕ್ಕಕ್ಕಿಟ್ಟಳು.

ನಾಲ್ಕೂ ಐವತ್ತು. ಅನ್ವರ್ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಒಂದು ಸಾಲು ಬರದ್ರ ನಿಂದರತೈತ್ರಿ ಮೇಡಂ. ಕೈಯಿಂದ ಕೆಂಪು ಮಾಡಬಹುದು. ಯಂತ್ರ ತಡಿಯಂಗಿಲ್ಲ. ಆದ್ರ ಹದಿನಾಕನೇ ಕಲಮು..."

"ಕಲಮು ನನಗ ಹೇಳಬ್ಯಾಡೋ."

ಈ ಬಳೆ ಸುಳ್ಳು ಹೇಳಿದೆ, ಸರಿ. ಕೈಯಿಂದ ತಿದ್ದೋಣ. ಆದರೆ ಇವತ್ತು ತಿದ್ದುವ ಕೈ ತನ್ನದು. ನಾಳೆಯ ಕೈ ಯಾರದು? ಅತ್ತ ಮಂತ್ರಿಯದೇ? ಗದರಿದ ಮಂತ್ರಿಯದೇ? ಬಾಗಿಲಿಲ್ಲದ ಗೋಡೆ ಕಟ್ಟಿದ್ದೇ ಕಳ್ಳ ಬರಬಾರದೆಂದು. ಈಗ ಒಳಗೆ ಬೆಂಕಿ ಬಿದ್ದಿದೆ, ಒಬ್ಬಳು ಒದರುತ್ತಿದ್ದಾಳೆ. ಗೋಡೆ ಒಡೆದರೆ ತಪ್ಪು, ಒಡೆಯದಿದ್ದರೆ ಅದಕ್ಕಿಂತ ದೊಡ್ಡ ತಪ್ಪು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆಕೆಗೆ ಯಾವುದು ಸರಿ ಎಂದು ತಿಳಿಯಲಿಲ್ಲ. ತಿಳಿಯುವವರೆಗೆ ಕಾಯಲು ಹೊತ್ತೂ ಇರಲಿಲ್ಲ.

"ನೀನು ಆ ಕಡೆ ಸರಿ. ನಿನ್ನ ಕೆಲಸ ಹೋಗೂದು ಬ್ಯಾಡ," ಎಂದು ಅನ್ವರನ ಕುರ್ಚಿಯಲ್ಲಿ ತಾನು ಕೂತಳು. ಅವನು ಹೇಳಿಕೊಟ್ಟ ಸಾಲನ್ನು ಬರೆದಳು. ಕಾರಣ ಎಂಬ ಖಾನೆಯಲ್ಲಿ 'ಆಕೆ ಬೇಡ ಎಂದಳು. ನಾನು ಕೇಳಿಸಿಕೊಂಡೆ' ಎಂದು ಬರೆದು ಒತ್ತಿದಳು.

ಕಸ್ತೂರಿಯ ಬಳೆ ಕೆಂಪಾಯಿತು. ಐದಕ್ಕೆ ಇನ್ನೂ ಮೂರು ನಿಮಿಷವಿತ್ತು.

ಹದಿನಾಲ್ಕನೇ ಕಲಮು ಎಷ್ಟು ಚೊಕ್ಕವಾಗಿ ಬರೆದ ಕಲಮೆಂದರೆ ಯಂತ್ರಗಳು ಅದನ್ನು ಅರೆಕ್ಷಣವೂ ತಡಮಾಡದೆ ಪಾಲಿಸಿದವು. ಪರದೆ ಕಪ್ಪಾಯಿತು. ಬಾಗಿಲ ಮೇಲಿನ ಹೆಸರು ಅಳಿಸಿಹೋಯಿತು. ಚಹಾ ಯಂತ್ರ ಅರ್ಧ ತುಂಬಿದ್ದ ಲೋಟವನ್ನು ಹಿಂದಕ್ಕೆ ಎಳೆದುಕೊಂಡಿತು. ಕೂತಿದ್ದ ಕುರ್ಚಿಯೂ ಉಸ್ಸೆಂದು ಕೆಳಗಿಳಿದು, ಮಾಜಿ ಮುಖ್ಯಸ್ಥೆಯನ್ನು ನೆಲದಿಂದ ಒಂದು ಗೇಣು ಮೇಲೆ ಬಿಟ್ಟಿತು. ಅದೇ ಗಳಿಗೆಯಲ್ಲಿ ಅನ್ವರನ ಕಡಗ ಟಿಣ್ ಎಂದು, ಹಂಗಾಮಿ ಮುಖ್ಯಸ್ಥ ಅವನೇ ಎಂದು ಸಾರಿತು.

"ಮೇಡಂ, ಈಗ ನಾ ಏನ್ ಮಾಡಲಿ?" ಎಂದ ಅವನು.

"ನಾನೀಗ ಮೇಡಂ ಅಲ್ಲಪಾ. ಮೊದಲ ಬಳಿಗೆ ಹೊಸ ಪಾಠ ಕಲಸು. ಮದವಿ ಮನಿ ಬಿಟ್ಟು."

ಆಕೆ ಕೈಚೀಲ ಹೆಗಲಿಗೇರಿಸಿ ಕಸ್ತೂರಿಯೊಂದಿಗೆ ಹೊರಗೆ ಹಜಾರಕ್ಕೆ ಬಂದಳು. ಹೊರಬಾಗಿಲು ದಾಟುವ ಮೊದಲೇ ಒಳಗೆ ಫೋನು ಬಡಿದುಕೊಂಡಿತು. ಸುದ್ದಿ ಅಷ್ಟು ಬೇಗ ಹೇಗೆ ಹೋಯಿತೋ. ಈ ಊರಿನಲ್ಲಿ ಸುದ್ದಿ ಹುಟ್ಟುವ ಮೊದಲೇ ನಡೆಯಲು ಕಲಿತಿರುತ್ತದೆ. ಗಾಜಿನಾಚೆ ಅನ್ವರ್ ಎದ್ದು ನಿಂತು ಮಾತಾಡುತ್ತಿದ್ದ.

"ಹೌದ್ರಿ ಸಾಹೇಬ್ರ... ಬಡಿಗೇರ ಅಂತ, ಹೌದ್ರಿ... ಕೈಯಿಂದ ಕೆಂಪು ಮಾಡ್ಯಾರ, ಖರೆ... ಇಲ್ರಿ, ಕೈಯಿಂದ ಹಸರ ಮಾಡಾಕ ಬರಂಗಿಲ್ರಿ."

ಕಸ್ತೂರಿ ನೀಲಾಂಬಿಕೆಯ ತೋಳು ಹಿಡಿದಳು. "ನನ್ನ ಗಂಡಗ ಯಾರೋ ಲೀಡರ್ ಪರಿಚಯ ಅದಾರ್ರಿ."

ಫೋನಿನ ಆ ಬದಿಯವರು ನಗುತ್ತಿದ್ದರು ಎಂದು ತೋರುತ್ತದೆ. "ಅಲ್ರಿ, ಸಂಕೋಚ ಅಲ್ರಿ," ಎಂದ ಅನ್ವರ್. "ಬ್ಯಾಡ್ರಿ."

ಅವನ ಕಿವಿ ಕೆಂಪಾಗಿತ್ತು. ಅಂಗಿಯ ಬೆನ್ನು ತೊಯ್ದಿತ್ತು. ಕೈಯ ಕಡಗ ಇತ್ತಿಂದ ಕಾಣುತ್ತಿರಲಿಲ್ಲ; ಕಂಡಿದ್ದರೂ ಏನು ಪ್ರಯೋಜನ? ಅವನ ಆ ಮಾತು ಇನ್ನೇನು ಒಡೆಯಲಿರುವ ಬೇಡವೋ, ನಡುಗುತ್ತಲೇ ನಿಲ್ಲುವ ಬೇಡವೋ? ನೀಲಾಂಬಿಕೆ ಗಾಜಿಗೆ ಮೂಗು ತಾಗಿಸಿ ನೋಡಿದಳು. ಓದಿದ ಓದು, ಬರೆದ ಕಾನೂನು ಯಾವುದೂ ಒಂದಕ್ಷರ ಹೇಳಿಕೊಡಲಿಲ್ಲ.

"ಅಕ್ಕಾರ, ಅವರು ಒಪ್ಪಿಬಿಡ್ತಾರೇನು?"

"ಗೊತ್ತಾಗವಲ್ದು ಕಸ್ತೂರಿ."

ಆಕೆ ಹಜಾರದ ಯಂತ್ರದಿಂದ ಸಾರ್ವಜನಿಕರ ಟೋಕನ್ ಒಂದನ್ನು ಎಳೆದುಕೊಂಡಳು. ನೂರಾ ಹನ್ನೆರಡು. ಗಾಜಿನ ಎದುರಿನ ಬೆಂಚಿನ ಮೇಲೆ, ಅನ್ವರನ ಕಣ್ಣಿಗೆ ನೇರವಾಗಿ ಬೀಳುವ ಹಾಗೆ ಕೂತಳು. ಕಸ್ತೂರಿ ಪಕ್ಕದಲ್ಲಿ ಕೂತಳು. ಅನ್ವರ್ ಒಮ್ಮೆ ಇಬ್ಬರನ್ನೂ ನೋಡಿ, ಬೆನ್ನು ತಿರುಗಿಸಿ, ಮತ್ತೆ ಏನೋ ಹೇಳಿದ. ಅದು ಕೇಳಿಸಲಿಲ್ಲ.

ಫೋನು ಇಡಲು ಅವನು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಸಾಮ್ರಾಜ್ಯ ಹುಟ್ಟಿ, ಮೆರೆದು, ಮಣ್ಣಾಗಬಹುದಿತ್ತು. ಕಡೆಗೆ ಇಟ್ಟ. ಹೊರಗೆ ಬಂದು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ.

"ಏನಂದಿ?" ಎಂದಳು ನೀಲಾಂಬಿಕೆ.

"ಬ್ಯಾಡ ಅಂದೆ ಮೇಡಂ. ಮೂರು ಸಲ."

"ಖರೇ ಬ್ಯಾಡನೋ, ಬಾಯಿಮಾತಿನ ಬ್ಯಾಡನೋ?"

ಅನ್ವರ್ ಕರವಸ್ತ್ರ ಮಡಚಿ ಜೇಬಿಗಿಟ್ಟ. ಅವನು ಸುಳ್ಳು ಹೇಳುವವನಲ್ಲ.

"ನನಗೂ ಗೊತ್ತಿಲ್ರಿ. ಆದ್ರ ಕೊಟ್ಟಿಲ್ಲ."

ಕಸ್ತೂರಿ ಎದ್ದು, ಸೆರಗು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇವತ್ತಿಗೆ ಅಷ್ಟಾತಲ್ರಿ. ರೊಟ್ಟಿ ಬಡಿಯೂ ಹೊತ್ತಾತು, ಬರತೀನಿ," ಎಂದಳು. "ನಾಳೆ ಆ ಸಾಹೇಬ್ರು ಮತ್ತ ಕೇಳಿದ್ರ ಕರೀರಿ. ನಿಮ್ಮ ಎದುರಿಗೆ ಬಂದು ಕೂಡತೀನಿ."